ಹಳೆಯ ಕಂಪ್ಯೂಟರಿಗೆ ಅಪ್‌ಡೇಟ್ ಹಾಕುವ ಮುನ್ನ

‘ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿದೀನಿ ಸಾರ್. ಅಪ್‌ಡೇಟ್ ಆಫ್ ಮಾಡಿದೀನಿ, ಇನ್ನು ತೊಂದರೆ ಇರಲ್ಲ.’ ಹಳೆಯ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ ವಾಪಸು ಬರುವಾಗ ಜೊತೆಗೇ ಬರುವ ಮಾತಿದು. ಕೇಳಿದವರಿಗೆ ನೆಮ್ಮದಿಯೂ ಆಗುತ್ತದೆ. ಡಿಟಿಪಿ ಸೆಂಟರು, ಜೆರಾಕ್ಸ್ ಅಂಗಡಿ, ಆಡಿಟರ ಕಚೇರಿ, ಶಾಲೆಯ ಕಂಪ್ಯೂಟರ್ ಕೋಣೆ, ಹೀಗೆ ಎಂಟು ಹತ್ತು ವರ್ಷದ ಯಂತ್ರಗಳು ಇನ್ನೂ ದುಡಿಯುತ್ತಿರುವ ಕಡೆಯಲ್ಲೆಲ್ಲ ಅಪ್‌ಡೇಟ್ ಅಂದರೆ ಅರ್ಧ ದಿನದ ಕೆಲಸ ಹಾಳು ಎಂಬ ಅಂಜಿಕೆ ಬೇರೂರಿದೆ. ಅನುಭವದಿಂದ ಬಂದ ಅಂಜಿಕೆ ಅದು, ತಳ್ಳಿಹಾಕುವಂತಿಲ್ಲ. ಆದರೆ ಹೆಚ್ಚಿನ ಸಲ ನಿಜಕ್ಕೂ ಕಾಟ ಕೊಡುತ್ತಿರುವುದು ಸವೆದ ಹಾರ್ಡ್‌ಡಿಸ್ಕು, ತುಂಬಿಹೋದ ಸಿ ಡ್ರೈವು, ಸತ್ತುಹೋದ ಒಂದು ಪುಟ್ಟ ಸೆಲ್ಲು, ಹೇಳದೆ ಹೋಗುವ ಕರೆಂಟು. ಇವನ್ನು ಸರಿಮಾಡಿಕೊಳ್ಳಬಹುದು. ಅಪ್‌ಡೇಟ್ ನಿಲ್ಲಿಸಿದ್ದರಿಂದ ಆಗುವ ನಷ್ಟವನ್ನು ಆಮೇಲೆ ಸರಿಮಾಡುವುದು ಕಷ್ಟ.

‘ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ’ ಎಂದು ಪರದೆಯ ಮೇಲೆ ಬಂದು, ಶೇ 30ಕ್ಕೆ ಬಂದು ನಿಂತಾಗ ಒಳಗೆ ನಡೆಯುವುದೇನು? ವಿಂಡೋಸ್ ಓಡುತ್ತಿರುವಾಗ ಅದರ ಸಾವಿರಾರು ಫೈಲುಗಳು ಬಳಕೆಯಲ್ಲಿರುತ್ತವೆ. ಬಳಕೆಯಲ್ಲಿರುವ ಫೈಲನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಇಡಲು ಬರುವುದಿಲ್ಲ. ಅದಕ್ಕೇ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮೊದಲು ನಾವು ಬೇರೇನೋ ಮಾಡುತ್ತಿರುವಾಗ ಹಿನ್ನೆಲೆಯಲ್ಲಿ ಡೌನ್‌ಲೋಡ್ ಆಗುತ್ತದೆ. ಆಮೇಲೆ ಅದನ್ನು ಬಿಚ್ಚಿ, ಯಂತ್ರದಲ್ಲಿ ಈಗಿರುವ ಫೈಲುಗಳ ಜೊತೆ ತಾಳೆ ನೋಡಿ, ಹೊಸ ಆವೃತ್ತಿಗಳನ್ನು ವಿಂಡೋಸ್ ಫೋಲ್ಡರಿನೊಳಗಿನ ಒಂದು ಉಗ್ರಾಣದಲ್ಲಿ ಜೋಡಿಸಿಡುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’ ಎಂಬ ಹೆಸರು ಮೇಲೆ ಬಂದು, ಡಿಸ್ಕ್ ಶೇ 100 ಎಂದು ಕೆಂಪಾಗುವುದು ಈ ಹೊತ್ತಿನಲ್ಲೇ. ಕೊನೆಗೆ ಆಫ್ ಆಗುವಾಗ ಮತ್ತು ಮತ್ತೆ ಆನ್ ಆಗುವಾಗ, ಬೇರೆ ಯಾವ ಪ್ರೋಗ್ರಾಮೂ ಎದ್ದಿಲ್ಲದ ಸಮಯ ನೋಡಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸುತ್ತದೆ. ನಡುವೆ ಏನಾದರೂ ತಪ್ಪಿದರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ಲೆಕ್ಕವನ್ನೂ ಬರೆದಿಟ್ಟುಕೊಂಡಿರುತ್ತದೆ. ಶೇ 30ಕ್ಕೆ ನಿಂತಂತೆ ಕಂಡರೂ ಅದು ನಿಂತಿರುವುದಿಲ್ಲ. ಡಿಸ್ಕಿನ ಲೈಟು ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಈಗ ಡಿಸ್ಕಿನ ವಿಚಾರ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಫೈಲಿರುವ ಜಾಗಕ್ಕೆ ಓದುವ ಮುಳ್ಳು ಸರಿಯಬೇಕು, ತಟ್ಟೆ ತಿರುಗಿ ಆ ಜಾಗ ಮುಳ್ಳಿನ ಕೆಳಗೆ ಬರಬೇಕು. ಎರಡೂ ಸೇರಿ ಒಂದೊಂದು ಜಾಗಕ್ಕೆ ಸರಾಸರಿ 15 ಮಿಲಿಸೆಕೆಂಡು ಹಿಡಿದರೂ ಸೆಕೆಂಡಿಗೆ ಅರವತ್ತು ಎಪ್ಪತ್ತು ಜಾಗ ಮುಟ್ಟುವುದೇ ಹೆಚ್ಚು. ದೊಡ್ಡದೊಂದು ಸಿನಿಮಾ ಫೈಲನ್ನು ಒಂದೇ ಸಮನೆ ಓದುವಾಗ ಈ ದೌರ್ಬಲ್ಯ ಕಾಣುವುದಿಲ್ಲ. ಅಪ್‌ಡೇಟ್ ಮಾಡುವುದು ಮಾತ್ರ ಸರಿಯಾಗಿ ಅದರ ವಿರುದ್ಧದ ಕೆಲಸ: ಡಿಸ್ಕಿನ ಉದ್ದಗಲಕ್ಕೂ ಚೆಲ್ಲಿಕೊಂಡಿರುವ ಸಾವಿರಾರು ಸಣ್ಣ ಫೈಲುಗಳನ್ನು ಓದುವುದು, ಹೋಲಿಸುವುದು, ಬರೆಯುವುದು. ಜೊತೆಗೆ ಆ್ಯಂಟಿವೈರಸ್ ಕೂಡ ಪ್ರತಿ ಫೈಲನ್ನು ತಡೆದು ತಪಾಸಣೆ ಮಾಡುತ್ತಿರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಸಾಮಾನ್ಯವಾದ ಒಂದು ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಕಡೆ ಮುಟ್ಟಬಲ್ಲದು. ಹಾರ್ಡ್‌ಡಿಸ್ಕಿನಲ್ಲಿ ಮಧ್ಯಾಹ್ನ ಪೂರ್ತಿ ತಿನ್ನುವ ಅಪ್‌ಡೇಟು ಎಸ್‌ಎಸ್‌ಡಿಯಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಆಗಿರುತ್ತದೆ. ಸಾಟಾ ಕೇಬಲ್ ಇರುವ ಯಾವ ಕಂಪ್ಯೂಟರಿಗಾದರೂ, ಅದು ಹತ್ತು ಹದಿನೈದು ವರ್ಷದ್ದಾದರೂ, ಎರಡೂವರೆ ಇಂಚಿನ ಎಸ್‌ಎಸ್‌ಡಿ ಹಾಕಿಸಬಹುದು. ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದಹಾಗೇ ಹೊಸದಕ್ಕೆ ‘ಕ್ಲೋನ್’ ಮಾಡಿಸಿಕೊಂಡರೆ ಫಾರ್ಮ್ಯಾಟ್ ಹೊಡೆಸುವ ಅಗತ್ಯವೂ ಬೀಳುವುದಿಲ್ಲ. ಹಳೆಯ ಯಂತ್ರಕ್ಕೆ ಖರ್ಚು ಮಾಡುವುದಿದ್ದರೆ ಮೊದಲ ಖರ್ಚು ಇದೇ ಆಗಿರಲಿ. RAM ಆಮೇಲೆ ನೋಡಿಕೊಳ್ಳಬಹುದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

‘ಅಪ್‌ಡೇಟ್ ಹಾಕಿದ್ದೇ ತಡ, ಕಂಪ್ಯೂಟರ್ ಸತ್ತೇ ಹೋಯಿತು’ ಎಂಬ ದೂರಿನ ಹಿಂದೆಯೂ ಬಹಳ ಸಲ ಇದೇ ಡಿಸ್ಕ್ ಇರುತ್ತದೆ. ದಿನನಿತ್ಯ ಟ್ಯಾಲಿ, ವರ್ಡ್ ಮಾತ್ರ ತೆರೆಯುವ ಯಂತ್ರದ ಡಿಸ್ಕಿಗೆ ಅಪ್‌ಡೇಟ್ ಎನ್ನುವುದು ಎಷ್ಟೋ ತಿಂಗಳಲ್ಲಿ ಬಂದ ಅತಿ ಭಾರದ ಕೆಲಸ. ಯಾರೂ ಮುಟ್ಟದೆ ಬಿಟ್ಟ ಮೂಲೆಗಳನ್ನೆಲ್ಲ ಆಗ ಮುಟ್ಟಬೇಕಾಗುತ್ತದೆ, ಕೆಟ್ಟ ಜಾಗಗಳು ಆಗಲೇ ಹೊರಬೀಳುತ್ತವೆ. ಡಿಸ್ಕಿನ ಆರೋಗ್ಯ ಮೊದಲೇ ತಿಳಿಯಬೇಕಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವಿದೆ. ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಲೆಕ್ಕವನ್ನು ಓದಿ ಚೆನ್ನಾಗಿದ್ದರೆ ನೀಲಿ ಬಣ್ಣ ತೋರಿಸುತ್ತದೆ, ಅನುಮಾನವಿದ್ದರೆ ಹಳದಿ. ಹಳದಿ ಕಂಡ ಯಂತ್ರಕ್ಕೆ ಅಪ್‌ಡೇಟ್ ಹಾಕಬಾರದು. ಮೊದಲು ಫೈಲುಗಳನ್ನು ಹೊರಗೆ ತೆಗೆದಿಟ್ಟುಕೊಂಡು ಡಿಸ್ಕ್ ಬದಲಿಸಬೇಕು.

ಹಳೆಯ ಡೆಸ್ಕ್‌ಟಾಪುಗಳಲ್ಲಿ ಇನ್ನೊಂದು ಸಣ್ಣ ಸಂಗತಿ ಅಪ್‌ಡೇಟನ್ನು ಕೆಡಿಸುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಂತಿರುವ ಸಿಆರ್2032 ಸೆಲ್ಲು ಇರುತ್ತದೆ. ಪ್ಲಗ್ ತೆಗೆದಾಗಲೂ ಗಡಿಯಾರ ನಡೆಯುವುದು ಅದರಿಂದ. ಕೆಲವು ವರ್ಷಕ್ಕೆ ಅದು ಬರಿದಾಗುತ್ತದೆ, ಪ್ರತಿ ಬೆಳಿಗ್ಗೆ ಕಂಪ್ಯೂಟರಿನ ತಾರೀಖು ಹಲವು ವರ್ಷ ಹಿಂದಕ್ಕೆ ಜಾರುತ್ತದೆ. ತಾರೀಖು ತಪ್ಪಿದರೆ ಸರ್ವರಿನ ಭದ್ರತಾ ಪ್ರಮಾಣಪತ್ರ ಹೊಂದುವುದಿಲ್ಲ, ಬ್ಯಾಂಕಿನ ಪುಟ ತೆರೆಯುವುದಿಲ್ಲ, ಅಪ್‌ಡೇಟ್ ಯಾವುದೋ ಸಂಖ್ಯೆಯ ದೋಷ ತೋರಿಸಿ ನಿಂತುಬಿಡುತ್ತದೆ. ಎಷ್ಟೋ ಜನ ಇದಕ್ಕೇ ಫಾರ್ಮ್ಯಾಟ್ ಹೊಡೆಸುತ್ತಾರೆ. ವಾಚಿನಂಗಡಿಯಲ್ಲೂ ಸಿಗುವ ಸೆಲ್ಲೊಂದು ಸಾಕಾಗಿತ್ತು. ಸೆಲ್ಲು ಬದಲಿಸಿದ ಮೇಲೆ ಬಯಾಸ್ ಸೆಟ್ಟಿಂಗುಗಳು ಮೂಲಸ್ಥಿತಿಗೆ ಮರಳಿರಬಹುದು. ಡಿಸ್ಕಿನ ಸಾಟಾ ಮೋಡ್ ಮೊದಲಿನಂತೆಯೇ ಇದೆಯೇ ಎಂದು ನೋಡಿಕೊಳ್ಳದಿದ್ದರೆ ವಿಂಡೋಸ್ ಮೇಲೇಳುವುದೇ ಇಲ್ಲ.

ತಪ್ಪು ಬಳಕೆದಾರರ ಕಡೆ ಇಲ್ಲದ ಸಂದರ್ಭಗಳೂ ಇವೆ, ಅವನ್ನು ಮುಚ್ಚಿಡಬಾರದು. 2018ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿದ್ದ ಫೈಲುಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ವಿತರಣೆ ನಿಲ್ಲಿಸಿ, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಡುಗಡೆ ಮಾಡಿತು. 2024ರ ಜನವರಿಯ ಕೆಬಿ5034441 ಎಂಬ ಅಪ್‌ಡೇಟಿನ ಕತೆ ಹಳೆಯ ಕಂಪ್ಯೂಟರುಗಳ ಮಟ್ಟಿಗೆ ಇನ್ನೂ ಮುಖ್ಯ. ಡಿಸ್ಕಿನ ರಿಕವರಿ ವಿಭಾಗವನ್ನು ಸರಿಪಡಿಸಲು ಬಂದ ಆ ಅಪ್‌ಡೇಟಿಗೆ ಆ ವಿಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಎಷ್ಟೋ ವರ್ಷದ ಹಿಂದೆ ವಿಂಡೋಸ್ ಹಾಕಿದ ಯಂತ್ರಗಳಲ್ಲಿ ಆ ವಿಭಾಗವೇ ಚಿಕ್ಕದು, ಅದನ್ನು ಚಿಕ್ಕದಾಗಿ ಮಾಡಿದ್ದು ವಿಂಡೋಸ್ ತಾನೇ. ಜಗತ್ತಿನಾದ್ಯಂತ ಅಸಂಖ್ಯ ಯಂತ್ರಗಳಲ್ಲಿ ಅದು 80070643 ಎಂಬ ದೋಷ ತೋರಿಸುತ್ತ ಸೋಲುತ್ತಲೇ ಹೋಯಿತು. ಕಮಾಂಡ್‌ಗಳನ್ನು ಟೈಪ್ ಮಾಡಿ ವಿಭಾಗವನ್ನು ನೀವೇ ಹಿಗ್ಗಿಸಿಕೊಳ್ಳಿ ಎಂದು ಕಂಪನಿ ಸೂಚನೆ ಕೊಟ್ಟಿತು. ಮನೆಯಲ್ಲಿ ಕಂಪ್ಯೂಟರ್ ಬಳಸುವ ಒಬ್ಬ ನಿವೃತ್ತ ಮೇಷ್ಟ್ರಿಗೆ ಹೇಳುವ ಮಾತೇ ಅದು? ಹಳೆಯ ಯಂತ್ರ ಇಟ್ಟುಕೊಂಡವರ ಅಂಜಿಕೆಗೆ ಇಂಥ ನಡವಳಿಕೆಯೂ ಕಾರಣ.

ಹೀಗಿದ್ದೂ ಅಪ್‌ಡೇಟ್ ಬೇಕೇ ಬೇಕು ಎನ್ನಲು ವನ್ನಾಕ್ರೈ ಎಂಬ ಕುತಂತ್ರಾಂಶದ ಪ್ರಕರಣದ ಎರಡು ತಾರೀಖುಗಳು ಸಾಕು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಫೈಲ್ ಹಂಚಿಕೆಯ ಭಾಗದಲ್ಲಿದ್ದ ಒಂದು ಬಿರುಕನ್ನು ಮುಚ್ಚುವ ಅಪ್‌ಡೇಟ್ ಕೊಟ್ಟಿತು. ಮೇ 12ರಂದು ಅದೇ ಬಿರುಕಿನ ಮೂಲಕ ವನ್ನಾಕ್ರೈ ನುಗ್ಗಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ಒಂದು ಯಂತ್ರ ಸಿಕ್ಕರೆ ಅದು ತಾನಾಗಿ ನೆಟ್‌ವರ್ಕಿನಲ್ಲಿರುವ ಇನ್ನೊಂದನ್ನು ಹುಡುಕಿಕೊಂಡು ಹೋಗುತ್ತಿತ್ತು, ಫೈಲುಗಳನ್ನೆಲ್ಲ ಬೀಗ ಹಾಕಿ ಬಿಟ್‌ಕಾಯಿನ್‌ನಲ್ಲಿ ಹಣ ಕೇಳುತ್ತಿತ್ತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 19,000ಕ್ಕೂ ಹೆಚ್ಚು ರೋಗಿಗಳ ಭೇಟಿಗಳು ರದ್ದಾಗಿರಬೇಕೆಂದು ಅಲ್ಲಿಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಅಂದಾಜು ಕೊಟ್ಟಿದೆ. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ತುತ್ತಾದವು. ಹೊಡೆತ ತಿಂದವುಗಳಲ್ಲಿ ಬಹುಪಾಲು ವಿಂಡೋಸ್ 7 ಇದ್ದವು. ಆ ಹೊತ್ತಿಗೆ ವಿಂಡೋಸ್ 7ಕ್ಕೆ ಅಪ್‌ಡೇಟ್ ಬರುತ್ತಲೇ ಇತ್ತು. ಮದ್ದು ಎರಡು ತಿಂಗಳು ಮೊದಲೇ ಬಂದಿತ್ತು, ಯಾರೂ ಹಾಕಿರಲಿಲ್ಲ ಅಷ್ಟೇ.

ಅಪ್‌ಡೇಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ಬರುತ್ತವೆ ಎನ್ನುವುದು ಈಗ ಸ್ಪಷ್ಟವಾಗಬೇಕು. ಒಂದು, ತಿಂಗಳಿಗೊಮ್ಮೆ ಬರುವ ಭದ್ರತಾ ಅಪ್‌ಡೇಟ್. ಪ್ರತಿ ತಿಂಗಳ ಎರಡನೇ ಮಂಗಳವಾರ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10 ಗಂಟೆಗೆ ಅದು ಹೊರಬೀಳುತ್ತದೆ. ನಮಗಾಗ ರಾತ್ರಿ ಹತ್ತೂವರೆ ಇಲ್ಲವೇ ಹನ್ನೊಂದೂವರೆ. ಬುಧವಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕಂಪ್ಯೂಟರ್ ಏಕೆ ಏದುಸಿರು ಬಿಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇದನ್ನು ನಾಲ್ಕಾರು ದಿನ ತಡೆದು, ಭಾನುವಾರ ಯುಪಿಎಸ್ ಚಾರ್ಜ್ ಇರುವಾಗ ಹಾಕಬಹುದು, ತಪ್ಪಿಸಬಾರದು. ಎರಡನೆಯದು ಆವೃತ್ತಿಯನ್ನೇ ಬದಲಿಸುವ ದೊಡ್ಡ ಅಪ್‌ಡೇಟ್, ಉದಾಹರಣೆಗೆ ವಿಂಡೋಸ್ 10ರಿಂದ 11ಕ್ಕೆ ಹೋಗುವುದು. ಅದಕ್ಕೆ ಸಿದ್ಧತೆ ಬೇಕು. ಸಿ ಡ್ರೈವಿನಲ್ಲಿ 25–30 ಜಿಬಿ ಖಾಲಿ ಇರಬೇಕು, ಫೈಲುಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿದ್ದು ಆ ಡಿಸ್ಕು ಕಂಪ್ಯೂಟರಿನಿಂದ ಬಿಚ್ಚಿಟ್ಟಿರಬೇಕು. ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವಿಂಡೋಸ್ 10 ದಿನ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಉಳಿದಿರುತ್ತದೆ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಎಲ್ಲವನ್ನೂ ಆ ಹತ್ತು ದಿನದೊಳಗೇ ಓಡಿಸಿ ನೋಡಿ. ಏನಾದರೂ ಕೈಕೊಟ್ಟರೆ ಸೆಟ್ಟಿಂಗ್ಸಿನಿಂದಲೇ ಹಿಂದಕ್ಕೆ ಹೋಗಬಹುದು.

ಈ ಎರಡನೆಯದರಲ್ಲೇ ಇವತ್ತಿನ ದೊಡ್ಡ ಸಮಸ್ಯೆ ಇರುವುದು. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0, ಸೆಕ್ಯೂರ್ ಬೂಟ್, ಇಂಟೆಲ್‌ನ 8ನೇ ತಲೆಮಾರು ಅಥವಾ ಎಎಂಡಿಯ ರೈಜೆನ್ 2000 ಸರಣಿ ಇಲ್ಲವೇ ಅದಕ್ಕಿಂತ ಹೊಸ ಪ್ರೊಸೆಸರ್ ಕೇಳುತ್ತದೆ. ಟಿಪಿಎಂ ಎಂದರೆ ಗೂಢಲಿಪಿಯ ಕೀಲಿಗಳನ್ನು ವಿಂಡೋಸಿನ ಕೈಗೂ ಸಿಗದಂತೆ ಬೇರೆಯಾಗಿ ಕಾಪಾಡುವ ಭಾಗ. 2016ರಿಂದ ಈಚಿನ ಅನೇಕ ಯಂತ್ರಗಳಲ್ಲಿ ಅದು ಇದ್ದೇ ಇರುತ್ತದೆ, ಆದರೆ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಹುಡುಕಿ ಆನ್ ಮಾಡಬೇಕು. ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿದ್ದರೆ ಫೈಲು ಅಳಿಸದೆಯೇ ಸೆಕ್ಯೂರ್ ಬೂಟ್‌ಗೆ ಬೇಕಾದ ಜಿಪಿಟಿ ಪದ್ಧತಿಗೆ ಬದಲಿಸುವ ಸಾಧನ ವಿಂಡೋಸ್ 10ರಲ್ಲೇ ಇದೆ. ‘ನಿಮ್ಮ ಕಂಪ್ಯೂಟರಿಗೆ 11 ಆಗಲ್ಲ’ ಎಂದು ಅಂಗಡಿಯಲ್ಲಿ ಹೇಳಿದರೆ ಈ ಎರಡನ್ನು ನೋಡಿದ್ದಾರೆಯೇ ಎಂದು ಕೇಳಿ.

ಪ್ರೊಸೆಸರ್ 8ನೇ ತಲೆಮಾರಿಗಿಂತ ಹಳೆಯದಾದರೆ ಮಾತ್ರ ಸರಿಯಾದ ದಾರಿ ಅಲ್ಲಿಗೆ ಮುಚ್ಚುತ್ತದೆ. ಈ ಗೆರೆ ನನಗೆ ಒಪ್ಪಿಗೆಯಿಲ್ಲ. 2017ರಲ್ಲಿ ಹೊಸದಾಗಿ ಕೊಂಡ 7ನೇ ತಲೆಮಾರಿನ ಐ5 ಲ್ಯಾಪ್‌ಟಾಪು ಇವತ್ತಿಗೂ ಕಚೇರಿ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಹುಡುಕಿ, ಕಂಪ್ಯೂಟರನ್ನು ಕೊನೆಯ ಉಸಿರಿನವರೆಗೆ ದುಡಿಸುವ ನಾಡು ನಮ್ಮದು. ವಿಂಡೋಸ್ 10 ನಿಲ್ಲುವುದರಿಂದ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಎಚ್ಚರಿಸಿತ್ತು. ಕೆಡದ ವಸ್ತುವನ್ನು ಕಸವೆಂದು ಕರೆಯುವ ಹಕ್ಕು ತಯಾರಕರಿಗೆ ಇರಬಾರದು.

ಮೈಕ್ರೋಸಾಫ್ಟ್ ಇದಕ್ಕೆ ತಕ್ಕಮಟ್ಟಿಗೆ ಬಗ್ಗಿತು. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರುವ ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ‘ಇಎಸ್‌ಯು’ ಯೋಜನೆ ತಂದಿತು. ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಹೆಸರು ನೋಂದಾಯಿಸುವ ಕೊಂಡಿ ಕಾಣಿಸುತ್ತದೆ. 30 ಡಾಲರ್ ಕೊಡುವುದು ಒಂದು ದಾರಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆಯೂ ಆಗುತ್ತದೆ. ಎಷ್ಟೋ ಮಂದಿಗೆ ಇದು ಇರುವುದೇ ಗೊತ್ತಿಲ್ಲ. ವಿಂಡೋಸ್ 10 ಇಟ್ಟುಕೊಂಡವರು ಮೊದಲು ಮಾಡಬೇಕಾದದ್ದು ಈ ನೋಂದಣಿ.

ಬೆಂಬಲವಿಲ್ಲದ ಯಂತ್ರಕ್ಕೆ ಪರೀಕ್ಷೆಗಳನ್ನು ದಾಟಿಸಿ ವಿಂಡೋಸ್ 11 ಹಾಕುವ ಉಪಾಯಗಳೂ ಇವೆ, ಅಂಗಡಿಗಳಲ್ಲಿ ಹಾಕಿಕೊಡುತ್ತಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯನ್ನು ಕಂಪನಿ ಕೊಡುವುದಿಲ್ಲ, ವರ್ಷದ ದೊಡ್ಡ ಆವೃತ್ತಿಯನ್ನು ಪ್ರತಿಸಲ ಕೈಯಾರೆ ಹಾಕಬೇಕು. ಕೋರ್ 2 ಡ್ಯುಯೋ ಕಾಲದ ಪ್ರೊಸೆಸರುಗಳಲ್ಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಆಗುವುದೇ ಇಲ್ಲ, ಅದು ಬಳಸುವ ಕೆಲವು ಆದೇಶಗಳು ಆ ಚಿಪ್ಪುಗಳಿಗೆ ತಿಳಿದಿಲ್ಲ. ಮಕ್ಕಳ ಆಟಕ್ಕೋ ಸಿನಿಮಾ ನೋಡಲಿಕ್ಕೋ ಆದರೆ ಸರಿ. ಜಿಎಸ್‌ಟಿ ರಿಟರ್ನು, ಸಂಬಳದ ಲೆಕ್ಕ ಇರುವ ಕಂಪ್ಯೂಟರಿಗೆ ಇದು ಬೇಡ.

ಲೈಸೆನ್ಸ್ ಇಲ್ಲದ ವಿಂಡೋಸ್ ಬಗ್ಗೆಯೂ ಒಂದು ಮಾತು. ‘ಕ್ರ್ಯಾಕ್ ಮಾಡಿದ್ದು, ಅಪ್‌ಡೇಟ್ ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತೀವಿ’ ಎಂಬ ಹೆದರಿಕೆಯಿಂದ ಅಪ್‌ಡೇಟ್ ನಿಲ್ಲಿಸಿದವರು ನಮ್ಮಲ್ಲಿ ಬಹಳ. ವಿಂಡೋಸ್ 8 ಅಥವಾ ಆಮೇಲಿನದನ್ನು ಹಾಕಿಯೇ ಮಾರಿದ ಬ್ರಾಂಡೆಡ್ ಲ್ಯಾಪ್‌ಟಾಪುಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡಿನಲ್ಲೇ ಬರೆದಿರುತ್ತದೆ. ಫಾರ್ಮ್ಯಾಟ್ ಹೊಡೆದು ಅದೇ ಹೋಮ್ ಆವೃತ್ತಿ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ಅದು ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಅದನ್ನು ಬಿಟ್ಟು ಪ್ರೊ ಆವೃತ್ತಿ ಹಾಕಿ, ಎಲ್ಲಿಂದಲೋ ತಂದ ಕ್ರ್ಯಾಕ್ ಓಡಿಸುವುದೆಂದರೆ ಕೈಯಲ್ಲಿರುವ ಅಸಲಿಯನ್ನು ಎಸೆದು ನಕಲಿ ಕೊಂಡಂತೆ. ಆ ಕ್ರ್ಯಾಕ್‌ಗಳ ಬೆನ್ನಿಗೆ ಬೇಹುಗಾರ ತಂತ್ರಾಂಶಗಳು ಬರುವುದೂ ಉಂಟು.

ಕನ್ನಡದ ಕೆಲಸ ಮಾಡುವವರು ಗಮನಿಸಬೇಕಾದ ಸಂಗತಿಗಳು ಬೇರೆ ಇವೆ. ನುಡಿ, ಶ್ರೀಲಿಪಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದ ಫೈಲುಗಳು ಯೂನಿಕೋಡ್ ಅಲ್ಲದ್ದರಿಂದ, ಫಾರ್ಮ್ಯಾಟ್ ಹೊಡೆದಾಗ ಆ ಫಾಂಟು ಅಳಿದರೆ ಇಡೀ ಪುಸ್ತಕ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಬ್ಯಾಕಪ್ ಅಂದರೆ ಡಾಕ್ಯುಮೆಂಟ್ಸ್ ಫೋಲ್ಡರ್ ಮಾತ್ರ ಎಂದುಕೊಂಡವರು ಇಲ್ಲೇ ಎಡವುತ್ತಾರೆ. ಫಾಂಟ್ಸ್ ಫೋಲ್ಡರನ್ನೂ, ಆ ತಂತ್ರಾಂಶಗಳ ಇನ್‌ಸ್ಟಾಲರ್‌ಗಳನ್ನೂ ತೆಗೆದಿಡಬೇಕು. ಎಕ್ಸ್‌ಪಿ ಕಾಲದಿಂದ ವಿಂಡೋಸಿನ ಜೊತೆ ಬರುತ್ತಿದ್ದ ತುಂಗಾ ಫಾಂಟು ವಿಂಡೋಸ್ 10ನ್ನು ಹೊಸದಾಗಿ ಹಾಕಿದಾಗ ಕಾಣದಿರಬಹುದು. ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಆಯ್ದರೆ ಮರಳಿ ಬರುತ್ತದೆ. ಅಪ್‌ಡೇಟ್ ನಮಗೆ ಕೊಟ್ಟದ್ದೂ ಇದೆ: ಇಂಗ್ಲಿಷ್ ಉಚ್ಚಾರದಂತೆ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆ ವಿಂಡೋಸಿನೊಳಗೇ ಸೇರಿದ್ದು 2019ರ ಮೇ ಅಪ್‌ಡೇಟಿನಲ್ಲಿ. ಅಪ್‌ಡೇಟ್ ಆಫ್ ಮಾಡಿಸಿಕೊಂಡ ಎಷ್ಟೋ ಯಂತ್ರಗಳಿಗೆ ಅದು ತಲುಪಲೇ ಇಲ್ಲ.

ವಿಂಡೋಸ್ 11 ಒಲ್ಲದ ಯಂತ್ರಕ್ಕೆ ಲಿನಕ್ಸ್ ನಿಜವಾದ ದಾರಿ, ಅದನ್ನು ಕೈಲಾಗದವರ ಆಯ್ಕೆ ಎಂದು ನೋಡಬೇಕಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ಪಾಠ ನಡೆಸುತ್ತಿವೆ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಅದರ ಹಗುರವಾದ ಎಕ್ಸ್‌ಎಫ್‌ಸಿಇ ರೂಪ 4 ಜಿಬಿ RAM ಇರುವ ಯಂತ್ರದಲ್ಲಿ ಆರಾಮಾಗಿ ಓಡುತ್ತದೆ. ಪೆನ್‌ಡ್ರೈವಿನಿಂದಲೇ ಎಬ್ಬಿಸಿ, ವೈಫೈ, ಪ್ರಿಂಟರ್ ಹಿಡಿಯುತ್ತದೆಯೇ ನೋಡಿ, ಆಮೇಲೆ ಹಾಕಿಕೊಳ್ಳಬಹುದು. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ಅದರಲ್ಲಿ ಮೊದಲೇ ಇದೆ, ಗುಬ್ಬಿ, ನವಿಲು ಎಂಬ ಸೊಗಸಾದ ಕನ್ನಡ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಬ್ರೌಸರ್, ಪತ್ರ, ಲೆಕ್ಕದ ಹಾಳೆ, ಆನ್‌ಲೈನ್ ತರಗತಿ ಇಷ್ಟಕ್ಕೆ ಕಂಪ್ಯೂಟರ್ ಬಳಸುವವರಿಗೆ ಬೇರೇನೂ ಬೇಕಾಗದು. ಟ್ಯಾಲಿ, ಪೇಜ್‌ಮೇಕರ್ ಬಿಟ್ಟು ಆಗದವರಿಗೆ ಇದು ಹೊಂದುವುದಿಲ್ಲ.

ಪೇಜ್‌ಮೇಕರ್ ಇರುವ ಡಿಟಿಪಿ ಯಂತ್ರಗಳದ್ದೇ ಬೇರೆ ಲೆಕ್ಕ. ಎಕ್ಸ್‌ಪಿಯಲ್ಲೋ ವಿಂಡೋಸ್ 7ರಲ್ಲೋ ಹಳೆಯ ಫಾಂಟು, ಹಳೆಯ ಪ್ರಿಂಟರ್ ಜೊತೆ ಹೊಂದಿಕೊಂಡು ಓಡುತ್ತಿರುವ ಅವುಗಳಿಗೆ ಹೊಸ ಆವೃತ್ತಿ ಹಾಕಲು ಹೋಗಬಾರದು. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಬೆಂಬಲ ಮುಗಿದಿದೆ. ಇಂಥದರ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ತೆಗೆದು, ಒಂಟಿಯಾಗಿ ಬಿಡಿ. ಮೇಲ್, ವಾಟ್ಸ್‌ಆ್ಯಪ್, ಬ್ಯಾಂಕು ಎಲ್ಲ ಬೇರೆ ಯಂತ್ರದಲ್ಲಿರಲಿ. ಗಿರಾಕಿಯ ಪೆನ್‌ಡ್ರೈವನ್ನು ಮೊದಲು ಆ ಬೇರೆ ಯಂತ್ರಕ್ಕೆ ಚುಚ್ಚಿ, ಅಪ್‌ಡೇಟ್ ಆದ ಆ್ಯಂಟಿವೈರಸ್‌ನಿಂದ ತಪಾಸಣೆ ಮಾಡಿ, ಬೇಕಾದ ಫೈಲನ್ನಷ್ಟೇ ನಿಮ್ಮದೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಹಳೆಯ ಯಂತ್ರದ ಇಡೀ ಡಿಸ್ಕಿನ ಪಡಿಯಚ್ಚನ್ನು ವರ್ಷಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ತೆಗೆದಿಟ್ಟರೆ, ಒಂದು ದಿನ ಡಿಸ್ಕು ಕೈಕೊಟ್ಟಾಗ ಸಂಜೆಯೊಳಗೆ ಮತ್ತೆ ಕೆಲಸ ಶುರುಮಾಡಬಹುದು.